ಶ್ರಾದ್ಧದ ಬೆಳಗಿನ ಸೂಜಿ

ವಂದೇ ಮಾತರಂ

ಹೊಸಪೇಟೆ,
೨೦ ಫೆಬ್ರವರಿ ೧೯೩೮, ಭಾನುವಾರ

ಸಂಡೂರಿನಲ್ಲಿರುವ ಪ್ರೀತಿಯ ಸರಸ್ವತಿ ಅಕ್ಕನಿಗೆ ತಮ್ಮ ಪ್ರಭಂಜನನ ನಮಸ್ಕಾರಗಳು.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯುವ ಮುಂಚೆಯೇ ಎರಡನೆಯದು ಬಂತು. ಅದರಲ್ಲಿ ನೀನು ‘ಇದ್ದೀಯೋ ಸತ್ತೀಯೋ’ ಎಂದು ಬೈದದ್ದನ್ನು ಓದಿ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಕಾಗದದ ನೆತ್ತಿಯ ಮೇಲೆ ‘ಶ್ರೀ’ ಇಲ್ಲವೆಂದು ಭಾವನವರು ಈ ಸಲವೂ ಹುಬ್ಬು ಗಂಟಿಕ್ಕಿದರೆ, ಹುಡುಗ ಇನ್ನೂ ಕೆಟ್ಟೇ ಇದ್ದಾನೆ ಎಂದು ಹೇಳಿಬಿಡು. ಚಿಕ್ಕವಳು ದಡಾರದಿಂದ ಎದ್ದು ಓಡಾಡುತ್ತಿದ್ದಾಳೆಂದು ತಿಳಿದು ಸಮಾಧಾನವಾಯಿತು. ಅವಳ ಕಾಯಿಲೆಯಿಂದಲೇ ನೀನು ಅಪ್ಪನ ಶ್ರಾದ್ಧಕ್ಕೆ ಬರಲಾಗಲಿಲ್ಲ. ಬಂದಿದ್ದರೆ ಈ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ.

ಇಲ್ಲಿ ಈಗ ಕಬ್ಬು ಅರೆಯುವ ಕಾಲ. ಕಾಲುವೆಯ ಆಚೆ ಆಲೆಮನೆಗಳ ಹೊಗೆ ಏಳುತ್ತಿದೆ, ಬೆಲ್ಲ ಕಾಯುವ ವಾಸನೆ ನಮ್ಮ ಅಂಗಳದವರೆಗೂ ಬರುತ್ತದೆ. ಊರೆಲ್ಲ ಬಿಸಿ ಬೆಲ್ಲ ನೆಕ್ಕುವಾಗ ಸಿಹಿಮೂತ್ರದ ರೋಗಿ ಕಿಟಕಿ ಮುಚ್ಚಿಕೊಂಡು ಕೂರಬೇಕು. ನಮಗೆ ಹಾಲು ಹಾಕುವ ತಾಯಕ್ಕ ಮೊನ್ನೆ, “ನಿಮ್ಮ ಮೈಯಾಗಿನ ಸಕ್ರಿ ತಗದ್ರ ಇನ್ನೊಂದು ಆಲೆಮನಿ ನಡಸಬೌದು ಬಿಡ್ರಿ ಸ್ವಾಮೇರ” ಅಂದಳು. ಅಮ್ಮ ಮೊದಲಿನಂತಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಈಗ ಕೇಳಿಸಿಕೊಂಡಳೋ ಇಲ್ಲವೋ ಎಂಬುದೇ ನನಗೆ ತಿಳಿಯಲಿಲ್ಲ.

ಪುರಂದರ ಕಕ್ಕ ಕಂಪ್ಲಿಯಿಂದ ನಿನಗೆ, ‘ಹುಡುಗ ತಲೆ ತಿರುಗಿ ಬಿದ್ದಿದ್ದ, ಈಗ ನೆಟ್ಟಗಿದ್ದಾನೆ’ ಎಂದಷ್ಟೇ ಬರೆದಿದ್ದಾರೆ. ಉಳಿದದ್ದನ್ನು ನಾನು ಹೇಳಬೇಕು. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ. ನಡೆದದ್ದು ಗೊತ್ತಿಲ್ಲದೆ ಅದು ನಿನ್ನ ಕೈಲಿ ಆಗುವಂಥದ್ದಲ್ಲ.

ನಿನ್ನ ಲಗ್ನವಾದ ಮೇಲೆ ನನಗೆ ಈ ರೋಗ ಬಂತು. ನೀನು ತವರಿಗೆ ಬಂದಾಗಲೂ ಸೂಜಿಯ ಹೊತ್ತಿಗೆ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದೆ. ಆದ್ದರಿಂದ ಹೇಳುತ್ತೇನೆ, ಕೇಳು. ಬಳ್ಳಾರಿಯ ಡಾಕ್ಟರು ಅಪ್ಪನಿಗೆ ಕಲಿಸಿದರು, ಅಪ್ಪ ಅಮ್ಮನಿಗೆ ಕಲಿಸಿದರು. ಮದರಾಸಿನಿಂದ ರೈಲಿನಲ್ಲಿ ಬರುವ ಇನ್ಸುಲಿನ್ ಶೀಶೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಹೂತಿಡುತ್ತೇವೆ. ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ಕುದಿಸಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ತಿಕ್ಕಬೇಕು. ದಿನಕ್ಕೆರಡು ಸಲ, ಊಟಕ್ಕೆ ಮುಂಚೆ. ಮದ್ದು ಮೈಗೆ ಹೋದ ಮೇಲೆ ಅನ್ನ ಹೋಗಲೇಬೇಕು. ಹೋಗದಿದ್ದರೆ ಆ ಮದ್ದೇ ರಕ್ತದ ಸಕ್ಕರೆಯನ್ನೆಲ್ಲ ತಿಂದು ಮನುಷ್ಯನನ್ನು ಕೆಡವುತ್ತದೆ. ಖಾದಿ ತೊಟ್ಟು ವಿದೇಶಿ ವಸ್ತ್ರ ಸುಟ್ಟವನ ರಕ್ತದಲ್ಲಿ ದಿನಕ್ಕೆರಡು ಸಲ ವಿದೇಶಿ ಮದ್ದು! ಗೆಳೆಯರು ಹೀಗೆಂದು ಕಿಚಾಯಿಸುತ್ತಾರೆ. ನನಗೆ ಬದುಕಬೇಕೆಂಬ ಆಸೆ ಇದೆ, ಅಷ್ಟೆ.

ತಪ್ಪುಗಳು ಮೊದಲೂ ಆಗಿವೆ. ಒಂದೇ ಕಡೆ ಚುಚ್ಚಿ ಚುಚ್ಚಿ ತೋಳಿನಲ್ಲಿ ಗಂಟು ಕಟ್ಟಿತ್ತು. ಒಂದು ಬೇಸಿಗೆಯಲ್ಲಿ ಶೀಶೆ ಬಿಸಿಲಿಗೆ ಬಿದ್ದು ಮದ್ದಿನ ಶಕ್ತಿ ಹೋಗಿ, ನಾನು ಕೊಡಗಟ್ಟಲೆ ನೀರು ಕುಡಿದು ಒಣಗಿಹೋದೆ. ಅವನ್ನೆಲ್ಲ ಬೈದಾಡಿಕೊಂಡೇ ದಾಟಿದೆವು.

ಅಮ್ಮನ ಮಡಿಯಲ್ಲಿ ಸೂಜಿಗೂ ಒಂದು ಜಾಗವಿತ್ತು. ರಕ್ತ ತಗುಲಿದ ಸೂಜಿ ಮೈಲಿಗೆ, ತೋಳು ಒರೆಸುವ ಸ್ಪಿರಿಟ್ಟೂ ಮೈಲಿಗೆ. ಆದ್ದರಿಂದ ಎದ್ದವಳೇ ಬಚ್ಚಲ ಒಲೆಯ ಮೇಲೆ ಸೂಜಿ ಕುದಿಸಿ, ನನಗೆ ಚುಚ್ಚಿ, ನಡುಮನೆಯಲ್ಲಿ ಮುಚ್ಚಿಟ್ಟ ರೊಟ್ಟಿ ತಿನ್ನಲು ಹೇಳಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದಳು. ಕೆಂಪು ಮಡಿಸೀರೆಯಲ್ಲಿ ಅಡುಗೆಮನೆ ಹೊಕ್ಕರೆ ನೈವೇದ್ಯ ಮುಗಿಯುವವರೆಗೆ ಯಾರನ್ನೂ ಮುಟ್ಟುವಂತಿಲ್ಲ. ನಾನು ರೊಟ್ಟಿ ತಿಂದು, ಎರಡಾಣೆಯ ಸುಧಾರಕ ಪುಸ್ತಿಕೆ ಹಿಡಿದು, ಹೊಸ್ತಿಲಿನಾಚೆ ನಿಂತು ವಾದ ಹೂಡುತ್ತಿದ್ದೆ.

“ಹೆತ್ತ ಮಗನ ರಕ್ತಾನೇ ಮೈಲಿಗಿ ಅನ್ನೋದು ಯಾವ ಧರ್ಮ ಅಮ್ಮಾ?”

“ಆ ರಕ್ತ ಉಳೀಲಿ ಅಂತನ ಇಲ್ಲಿ ನಿಂತು ಬೇಡ್ಕೊಳ್ಳಾಕತ್ತೀನಿ. ಮಾತು ಬ್ಯಾಡ, ಆಕಡಿ ಸರಿ. ನಿನ್ನ ನೆರಳು ಬೀಳ್ತದ.”

“ನೆರಳಿಗೂ ಮೈಲಿಗಿ?”

“ನಿನ್ನ ನೆರಳಿಗೆ ಅದ. ಭಾಳ ಓದೇದ ಅದು.”

ಹೀಗೆ ನಡೆಯುತ್ತಿತ್ತು ನಮ್ಮ ಬೆಳಗು.

ಈ ಸಲ ಶ್ರಾದ್ಧವನ್ನು ನಾನು ಮಾಡುವುದಿಲ್ಲವೆಂದು ಹೇಳಿಬಿಟ್ಟೆ. ಹೊಟ್ಟೆ ತುಂಬಿದ ಬ್ರಾಹ್ಮಣರಿಗೆ ಉಣಿಸುವ ಅನ್ನವನ್ನು ಹರಿಜನ ಕೇರಿಗೆ ಒಯ್ದರೆ ಅಪ್ಪನ ಆತ್ಮಕ್ಕೆ ಹೆಚ್ಚು ತೃಪ್ತಿ ಎಂದೆ. ಅಮ್ಮ ಜಗಳವಾಡಲಿಲ್ಲ. ಅಪ್ಪನ ತಮ್ಮನೇ ಮಾಡಲಿ ಎಂದು ಕಂಪ್ಲಿಯಿಂದ ಕಕ್ಕನನ್ನೂ ಅವರ ಹೆಂಡತಿ ಕಾಕುವನ್ನೂ ಕರೆಸಿದಳು. ನನ್ನನ್ನು ಒಂದೇ ಒಂದು ಮಾತು ಕೇಳಿದಳು: “ಶ್ರಾದ್ಧ ಮಾಡೂದಿಲ್ಲ ಅಂದಿ, ಇರ್ಲಿ. ಬ್ರಾಹ್ಮಣರು ಉಂಡು ಏಳೂತನ ಬಾಯಾಗ ಏನೂ ಹಾಕ್ಕೋಬ್ಯಾಡ. ಇಷ್ಟಾರ ಮಾಡು.” ಆಗಲಿ ಎಂದೆ. ಅವತ್ತು ಬೆಳಗಿನ ಸೂಜಿ ಬೇಡ, ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಚುಚ್ಚೋಣ ಎಂದು ಇಬ್ಬರೂ ಕೂತೇ ಮಾತಾಡಿಕೊಂಡಿದ್ದೆವು.

ಆದರೆ ವರ್ಷಗಳ ರೂಢಿ ಎಂಥದ್ದು ನೋಡು. ಬೆಳಗ್ಗೆ ಅಮ್ಮ ಎದ್ದಳು, ಅವಳ ತಲೆಯ ತುಂಬ ಉದ್ದಿನ ಬೇಳೆ, ಎಳ್ಳು, ದರ್ಭೆ. ಕೈ ತನ್ನಷ್ಟಕ್ಕೆ ತಾನು ಸೂಜಿ ಕುದಿಸಿತು. ನಾನು ನಿದ್ದೆಗಣ್ಣಿನಲ್ಲೇ ತೋಳು ಚಾಚಿದೆ. ಅವಳು ಚುಚ್ಚಿದಳು, ಪಿಚಕಾರಿ ತೊಳೆದಿಟ್ಟಳು, ಸ್ನಾನಕ್ಕೆ ಹೋದಳು. ನಾನು ಮಗ್ಗುಲು ಬದಲಿಸಿ ಮಲಗಿದೆ. ನಡುಮನೆಯಲ್ಲಿ ಅವತ್ತು ರೊಟ್ಟಿ ಇರಲಿಲ್ಲ.

ಹೊತ್ತೇರಿದಾಗ ಬೆವರಲು ಶುರುವಾಯಿತು. ಪಡಸಾಲೆಯಲ್ಲಿ ಕಕ್ಕನ ಮಂತ್ರ ದೂರದ ಬಾವಿಯಿಂದ ಬಂದಂತೆ ಕೇಳುತ್ತಿತ್ತು. ನಾಲಿಗೆ ದಪ್ಪಗಾಯಿತು. ಆಗ ನೆನಪಾಯಿತು, ಸೂಜಿ ಆಗಿದೆ ಎಂದು. ಬೀದಿಗೆ ಇಳಿದರೆ ಎದುರಿಗೇ ಅಂಗಡಿ, ಅಂಗಡಿಯಲ್ಲಿ ಬೆಲ್ಲ. ಆದರೆ ಸಕ್ಕರೆ ಇಳಿದಾಗ ಅದು ಮೊದಲು ತಿನ್ನುವುದು ಬುದ್ಧಿಯನ್ನು. ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂಬ ಒಂದು ಹಠ ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ತಣ್ಣೀರು ಮುಖಕ್ಕೆ ಹಾಕಿಕೊಂಡರೆ ಸರಿಹೋದೀತೆಂದು ಗೋಡೆ ಹಿಡಿದು ಹಿತ್ತಲಿಗೆ ಹೋದೆ. ಬಾವಿಯವರೆಗೆ ಹೋಗಲಾಗಲಿಲ್ಲ. ಅಡುಗೆಮನೆಯ ಕಿಟಕಿಯ ಕೆಳಗೆ ಕಾಲು ಸೋತಿತು.

ಮುಂದಿನದು ಬೇರೆಯವರು ಹೇಳಿ ಗೊತ್ತು. ಹಿತ್ತಲ ಬಾಗಿಲಿನಿಂದ ಮೊಸರು ತಂದ ತಾಯಕ್ಕ ನೋಡಿ ಗಡಿಗೆ ಅಲ್ಲೇ ಬಿಟ್ಟು ಚೀರಿದಳಂತೆ: “ಲಕ್ಷ್ಮೀಬಾಯಮ್ಮಾರ, ಹೊರಗ ಬರ್ರೀ! ಮಗ ಬಿದ್ದಾನ್ರೀ, ಕಣ್ಣು ಮ್ಯಾಲ ಹೋಗ್ಯಾವ!” ಕಕ್ಕ ಬೆರಳಿಗೆ ದರ್ಭೆಯ ಪವಿತ್ರ ತೊಟ್ಟುಕೊಂಡು ಹೊಸ್ತಿಲಲ್ಲಿ ನಿಂತುಬಿಟ್ಟರು, ದಾಟಬೇಕೋ ಬಾರದೋ ತಿಳಿಯದೆ. ದಾಟಿ ಬಂದವರು ಪುರೋಹಿತ ಹನುಮೇಶಾಚಾರ್ಯರು. ಕಂಡವರ ಮನೆಯಲ್ಲಿ ಉಣ್ಣುವ ಪರಾನ್ನದವರು ಎಂದು ನಾನು ಮುಖಕ್ಕೇ ಹೇಳಿದ್ದೆನಲ್ಲ, ಅವರೇ. ಪಿಂಡಕ್ಕೆಂದು ಇಟ್ಟಿದ್ದ ಜೇನುತುಪ್ಪದ ಬಟ್ಟಲು ಎತ್ತಿಕೊಂಡು ಬಂದು, ನನ್ನ ಹಲ್ಲು ಬಿಡಿಸಿ, ಒಸಡಿಗೆಲ್ಲ ಸವರಿದರಂತೆ. ನನಗೆ ಪ್ರಜ್ಞೆ ಬಂದಾಗ ತಲೆ ಅಮ್ಮನ ಮಡಿಸೀರೆಯ ಮೇಲಿತ್ತು. ಕೇಳಿದ ಮೊದಲ ದನಿ ಆಚಾರ್ಯರದು:

“ಏನಪಾ ಪ್ರಭಂಜನಾ, ನಮ್ಮನ್ನ ಪರಾನ್ನದವ್ರು ಅಂತಿದ್ದಿ. ಇವತ್ತು ಪಿತೃಗಳಿಗಿಂತ ಮೊದಲ ನೀನ ಉಂಡುಬಿಟ್ಟೆಲ್ಲೋ.”

ಶ್ರಾದ್ಧ ಕೆಟ್ಟಿತು ಎಂದು ಕಕ್ಕ ತಲೆ ಮೇಲೆ ಕೈ ಹೊತ್ತರು. ಆಚಾರ್ಯರು, “ಇನ್ನೊಮ್ಮೆ ಸ್ನಾನ ಮಾಡಿ ಬರ್ರಿ, ಮುಂದ ನಡಸೋಣು. ಸ್ವಲ್ಪ ತಡ ಆತಂತ ಯಾವ ತಂದಿ ಸಿಟ್ಟಾಗ್ತಾನ?” ಎಂದರು. ಕಕ್ಕ ಎದ್ದು ಸ್ನಾನಕ್ಕೆ ಹೋದರು. ಅಡುಗೆಯನ್ನು ಕಾಕು ಹೊಸದಾಗಿ ಮಾಡಿ ಮುಗಿಸಿದರು. ಅಮ್ಮ ಮಾತ್ರ ನನ್ನ ತಲೆ ಹಿಡಿದುಕೊಂಡು ಕೂತವಳು, ಪಿಂಡಪ್ರದಾನ ಮುಗಿದು ಕಾಗೆಗೆ ಇಡುವವರೆಗೂ ಏಳಲಿಲ್ಲ.

ಈಗ ನಾನೇ ಚುಚ್ಚಿಕೊಳ್ಳುತ್ತೇನೆ, ತೊಡೆಗೆ. ಮೊದಲ ದಿನಗಳಲ್ಲಿ ಸೂಜಿ ಒಂದನ್ನು ಬಾಗಿಸಿದೆ. ಈಗ ಪರವಾಗಿಲ್ಲ. ತಟ್ಟೆ ಮುಂದೆ ಬಂದು ಕೂತ ಮೇಲೆಯೇ ಸೂಜಿ ಎತ್ತುವುದು ಎಂದು ನಿಯಮ ಮಾಡಿಕೊಂಡಿದ್ದೇನೆ. ಜುಬ್ಬದ ಜೇಬಿನಲ್ಲಿ ಸದಾ ಒಂದು ಅಚ್ಚು ಬೆಲ್ಲ ಇರುತ್ತದೆ. ನನ್ನ ವಿಷಯ ಇಷ್ಟು. ನೀನು ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಅಮ್ಮನ ವಿಷಯದಲ್ಲಿ.

ಮರುದಿನದಿಂದ ಅವಳು ಮಡಿ ಉಡಲಿಲ್ಲ. ಉಟ್ಟ ಸೀರೆಯಲ್ಲೇ ಒಲೆ ಹಚ್ಚುತ್ತಾಳೆ, ನನಗೆ ಬಡಿಸುತ್ತಾಳೆ, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡುತ್ತಾಳೆ. ತುಳಸಿಗೆ ನೀರು ಹಾಕುವವಳು ಈಗ ತಾಯಕ್ಕ. ಅಮ್ಮ ತನ್ನ ತವರಿನಿಂದ ತಂದ ಹಿತ್ತಾಳೆಯ ಕೃಷ್ಣ ಇದ್ದನಲ್ಲ, ನಾವು ಚಿಕ್ಕವರಿದ್ದಾಗ ಅವನ ಬೆಣ್ಣೆ ಕದ್ದು ತಿನ್ನುತ್ತಿದ್ದೆವಲ್ಲ, ಅವನನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಹೊರಟು ನಿಂತ ಕಕ್ಕನ ಕೈಗೆ ಕೊಟ್ಟುಬಿಟ್ಟಳು. “ನನ್ನ ಕೈಲೆ ಇನ್ನ ಆಗಂಗಿಲ್ಲ. ಉಪವಾಸ ಕೆಡವಬ್ಯಾಡ್ರಿ, ನೀವ ನೋಡ್ಕೊಳ್ರಿ” ಎಂದಳು. ಕಕ್ಕ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ.

ಹೋದ ವಾರ ಜಟಕಾ ಮಾಡಿಸಿ ಅವಳನ್ನು ಹಂಪಿಗೆ ಕರೆದುಕೊಂಡು ಹೋದೆ. ನಾನಾಗಿಯೇ, ಅಕ್ಕ. ಯಂತ್ರೋದ್ಧಾರಕ ಪ್ರಾಣದೇವರ ಗುಡಿಯ ಮೆಟ್ಟಿಲ ಕೆಳಗೆ ನಿಂತು, “ನೀ ಹೋಗಿ ಬಾ, ನಾ ಹೊಳಿ ನೋಡ್ಕೋತ ಕೂಡ್ತೀನಿ” ಎಂದಳು. ನಾನು ಒಬ್ಬನೇ ಹತ್ತಿದೆ. ಅರ್ಚಕರು ತೀರ್ಥ ಕೊಟ್ಟರು. ಅಂಗೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಮೆಟ್ಟಿಲಿಳಿದು, ಅವಳ ಮುಂದೆ ಚಾಚಿದೆ. ನನ್ನ ಅಂಗೈಯನ್ನೇ ನೋಡಿದಳು. “ನೀನ ಕುಡಿ” ಎಂದಳು. ಕುಡಿದೆ. ನನ್ನ ಗೆಳೆಯರು ಕಂಡಿದ್ದರೆ ಏನೆನ್ನುತ್ತಿದ್ದರೋ ಎಂಬುದು ಆಗ ನನ್ನ ತಲೆಗೇ ಬರಲಿಲ್ಲ.

ಮಡಿ ಸರಿಯೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಮನುಷ್ಯನ ರಕ್ತ ಮೈಲಿಗೆಯಲ್ಲವೆಂದು ನಾಳೆಯೂ ಬರೆಯುತ್ತೇನೆ, ಭಾಷಣವನ್ನೂ ಮಾಡುತ್ತೇನೆ. ಆದರೆ ಅಮ್ಮ ಅದನ್ನು ತಿಳಿದು ಮಡಿ ಬಿಟ್ಟಿದ್ದರೆ ನಾನು ಸಂತೋಷಪಡುತ್ತಿದ್ದೆ. ಅವಳು ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾಳೆ. ಈಗ ವಾದ ಹೂಡಿದರೆ ಜಗಳವಿಲ್ಲ, ಬೈಗುಳವಿಲ್ಲ. “ನೀ ಹೇಳಿದ್ದ ಖರೆ ಇರ್ಬೇಕು ಬಿಡಪಾ” ಎನ್ನುತ್ತಾಳೆ. ಗಂಧ ತೇಯುವಾಗ ಗುನುಗುತ್ತಿದ್ದ ಹಾಡು ಇಲ್ಲದೆ ಬೆಳಗು ಬೆಳಗಾಗುವುದಿಲ್ಲ. ನನಗೆ ಈ ಗೆಲುವು ಬೇಡ.

ಆದ್ದರಿಂದ ನೀನು ಬರಬೇಕು. ಕಂಪ್ಲಿಗೆ ಹೋಗಿ ಕಕ್ಕನಿಂದ ಕೃಷ್ಣನನ್ನು ಇಸಿದುಕೊಂಡು ಬಾ. ನಾನೇ ತರಬಹುದು, ಆದರೆ ‘ನನ್ನ ಸಮಾಧಾನಕ್ಕ ತಂದಿ’ ಎಂದು ಅಮ್ಮ ಮುಟ್ಟುವುದೂ ಇಲ್ಲ. ನೀನು ಚಿಕ್ಕವಳನ್ನು ಮುಂದೆ ಮಾಡಿಕೊಂಡು, ಅವನನ್ನು ಅವನ ಜಾಗದಲ್ಲಿ ಕೂರಿಸಿ, ‘ಅಮ್ಮಾ, ಕೂಸಿಗೆ ಹಸಿವಾಗಿದೆ, ನೈವೇದ್ಯ ಮುಗಿಸು’ ಎನ್ನು. ಅಷ್ಟೇ ಸಾಕು. ಆ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ.

ಭಾವನವರಿಗೆ ನನ್ನ ನಮಸ್ಕಾರ. ಚಿಕ್ಕವಳು ಮೈ ತುಂಬಿಕೊಂಡು, ನೂರು ವರ್ಷ, ಬೇಕಾದಷ್ಟು ಬೆಲ್ಲ ತಿಂದು ಬಾಳಲಿ ಎಂದು ಅವಳ ಮಾಮ ಹರಸಿದ್ದಾನೆಂದು ಹೇಳು. ನೀನು ಬರುವ ದಾರಿ ನೋಡುತ್ತಿರುತ್ತೇನೆ.

ನಿನ್ನ ತಮ್ಮ,
ಪ್ರಭಂಜನ

ತಾ. ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಇದನ್ನು ಓದಿ ಒಲೆಗೆ ಹಾಕು. ನಿನ್ನೆ ಸಂಜೆ ಅಮ್ಮ ಬಂದು ನನ್ನ ಪಕ್ಕ ಕೂತಳು. ಮುಖ ನೋಡದೆ ಕೇಳಿದಳು: “ಅವತ್ತ ನೀ ನನ್ನ ಕರದಿದ್ದೇನು? ವಡಿ ಕರೀತಿದ್ದೆ. ಕಿಟಕಿ ಕೆಳಗ ‘ಅಮ್ಮಾ’ ಅಂದಂಗಾತು. ಇವಂದು ಮತ್ತ ವಾದ ಅಂದ್ಕೊಂಡೆ. ಬಂದ್ರ ಮಡಿ ಹೋಗ್ತದ, ಎಲ್ಲಾ ಮೊದಲಿಂದ... ಎಣ್ಯಾಗಿದ್ದವು ತಗದು ಹೋಗೋಣು ಅಂತ...” ನಾನು, “ಇಲ್ಲಮ್ಮಾ. ನಾ ಕರೀಲೇ ಇಲ್ಲ. ಬಾಯಿಂದ ದನೀನ ಹೊರಡ್ಲಿಲ್ಲ. ನಿನಗ ಹಂಗ ಅನಿಸೇದ, ಅಷ್ಟ” ಎಂದೆ. ಆಗ ನನ್ನ ಮುಖ ನೋಡಿ, “ಹೌದೇನು” ಎಂದು ಎದ್ದು ಹೋದಳು. ನೀನು ಬಂದಾಗ, ತಮ್ಮ ನಿನಗೇನು ಬರೆದಿದ್ದ ಎಂದು ನಿನ್ನನ್ನೂ ಕೇಳುತ್ತಾಳೆ. ನಾನು ಹೇಳಿದ್ದನ್ನೇ ಹೇಳು, ಅಕ್ಕ. ಕಣ್ಣು ತಗ್ಗಿಸದೆ ಹೇಳು.

ಕರೆದಿದ್ದೆ. ಮೂರು ಸಲ ಕರೆದಿದ್ದೆ. ಮೂರನೆಯ ಸಲಕ್ಕೆ ಒಳಗೆ ಬಾಣಲೆಯಲ್ಲಿ ವಡೆ ತಿರುವುವ ಜಾರೆಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.