ತಮ್ಮನಿಗಿಂತ ಒಂಬತ್ತು ನಿಮಿಷ ಮೊದಲು

ಚಿರಂಜೀವಿ ತ್ಯಾಗರಾಜನಿಗೆ,

ನೀನು ತೀರಿಕೊಂಡು ಎರಡು ವರ್ಷವಾದರೂ ಕೈ ಅಭ್ಯಾಸಬಲದಿಂದ ಚಿರಂಜೀವಿ ಎಂದೇ ಬರೆಯಿತು. ನಮ್ಮ ಹರ್ನ್‌ಡನ್ ಊರಿನ ಸೈಕಲ್ ಬಳಗದ ಆ್ಯಪಿನಲ್ಲಿ, ಇಟಲಿಯ ಆ ಕಡಿದಾದ ಬೆಟ್ಟವನ್ನು ಬೇಗ ಹತ್ತಿದವರ ಪಟ್ಟಿಯಲ್ಲಿ ಇಷ್ಟು ದಿನ ನಿನ್ನ ಹೆಸರೇ ಮೊದಲಿತ್ತು. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಹೋದ ತಮ್ಮನ ಮೇಲೂ ಹೊಟ್ಟೆಕಿಚ್ಚೇ ಎಂದು ನಗಬೇಡ.

ಹೋದ ವಾರ ನಾನೂ ಬಳಗದ ಜೊತೆ ಹೋಗಿ ಅದನ್ನು ಹತ್ತಿದೆ. ಎಪ್ಪತ್ತೊಂದರ ಮೊಣಕಾಲು ನೋಡು, ಬಾಡಿಗೆಗೆ ಪಡೆದದ್ದು ಹೊರಗೆ ಗೊತ್ತಾಗದಂತೆ ಒಳಗೆ ಮೋಟಾರಿರುವ ಸೈಕಲ್. ಆಲಿವ್ ತೋಟದ ತಿರುವಿನಲ್ಲಿ ಬಳಗದ ಶಶಾಂಕನಂಥ ಹುಡುಗರೇ ಏದುಸಿರು ಬಿಡುತ್ತಿದ್ದಾಗ, ನಾನು ಗುಂಡಿ ಒತ್ತಿ ಮುಂದೆ ಹೋದೆ. ತುದಿಯಲ್ಲಿ ಕಾರಿನೊಂದಿಗೆ ಕಾಯುತ್ತಿದ್ದ ನಿನ್ನ ಹೆಂಡತಿ ಮೈಥಿಲಿ ನೀರು ಕೊಟ್ಟು, "ಭಾವ, ಇಲ್ಲಿಗೆ ಬಂದಾಗ ಅವ್ರಿಗೆ ಮಾತಾಡೋಕೂ ಆಗ್ತಿರ್ಲಿಲ್ಲ. ನಿಮಗೆ ಬೆವರೇ ಬಂದಿಲ್ವಲ್ಲ!" ಎಂದಳು.

ಆ್ಯಪಿನಲ್ಲಿ ಮಾಮೂಲಿ ಸೈಕಲ್ ಎಂದೇ ಹಾಕಿದೆ. ನಿನಗಿಂತ ಒಂಬತ್ತು ನಿಮಿಷ ಕಡಿಮೆ. "ಸೂಪರ್ ಅಂಕಲ್, ತ್ಯಾಗು ಅಂಕಲ್ ರೆಕಾರ್ಡೇ ಬ್ರೇಕ್ ಮಾಡ್ಬಿಟ್ರಿ!" ಎಂದು ಶಶಾಂಕ ಕುಣಿದ.

ನೀನಿದ್ದಿದ್ದರೆ "ಮೋಸ ಕಣೋ ಅಣ್ಣ" ಎಂದು ಬೈದು, ಮರುದಿನವೇ ಟಿಕೆಟ್ ಬುಕ್ ಮಾಡಿ, ಹೋಗಿ ಹತ್ತಿ ನನ್ನನ್ನು ಕೆಳಗಿಳಿಸುತ್ತಿದ್ದೆ. ಐದು ದಿನದಿಂದ ಆ್ಯಪ್ ತೆಗೆದು ತೆಗೆದು ನೋಡುತ್ತಿದ್ದೇನೆ. ಇನ್ನೂ ನಾನೇ ಮೇಲಿದ್ದೇನೆ.