ಅಜ್ಜನಿಗೆ ಅಂತ ಕೊಂಡ ಪೆನ್ನು

4 ನವೆಂಬರ್, ಸೋಮವಾರ

ಬಿಸಿನೀರಿನ ಬಕೆಟ್‌ನಲ್ಲಿ ಕೈ ಇಟ್ಟುಕೊಂಡು ಕೂತಿದ್ದೆ. ಹೊರಗೆ ಹಾಸ್ಟೆಲ್ ಬಾತ್‌ರೂಮಿನ ಕ್ಯೂ. ಯಾರೋ ಬಾಗಿಲು ಬಡಿದರು, “ಒಳಗೆ ಮಲಗಿದ್ದೀಯಾ ಮಾರಾಯ್ತಿ?” ನಾನು ಎದ್ದಿದ್ದೇನೆ, ಬೆರಳುಗಳು ಎದ್ದಿಲ್ಲ ಅಂತ ಹೇಳಬಹುದಿತ್ತು. ಸಾರಿ ಅಂದೆ. ವಾರಕ್ಕೊಮ್ಮೆಯ ಸೋಮವಾರದ ಮಾತ್ರೆ ನುಂಗಿದೆ. ಹೆಸರು ಕಾಣಬಾರದು ಅಂತ ಅಮ್ಮ ಹಳೆಯ ವಿಟಮಿನ್ ಡಬ್ಬಿಗೆ ತುಂಬಿಸಿ ಕೊಟ್ಟಿದ್ದಾರೆ.

ಇಂಟರ್ನಲ್ಸ್ ಪೇಪರ್ ಬಂತು. ಹಿಸ್ಟರಿಯಲ್ಲಿ ಕೊನೆಯ ಎರಡು ಪ್ರಶ್ನೆ ಖಾಲಿ. ಉತ್ತರ ಗೊತ್ತಿತ್ತು. ಬಾಲ್ ಪೆನ್ನು ಒತ್ತಬೇಕು, ಒತ್ತಿದರೆ ಹೆಬ್ಬೆರಳಿನ ಬುಡದಲ್ಲಿ ಮೊಳೆ ಹೊಡೆದ ಹಾಗೆ. ಸತ್ಯವತಿ ಮೇಡಂ ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿ ಕೇಳಿದರು.

“ನಿನಗೆ ಬಾರದ್ದಲ್ಲ ಇದು. ಕೈಗೆ ಎಂತ?”

“ಸ್ವಲ್ಪ ನೋವು ಮೇಡಂ.”

“ಡಾಕ್ಟರ ಲೆಟರ್ ತಾ. ಸೆಮಿಸ್ಟರ್ ಪರೀಕ್ಷೆಗೆ ನೀನು ಹೇಳುದು, ಬರೆಯಲಿಕ್ಕೆ ಒಬ್ಬರನ್ನು ಕೊಡ್ತಾರೆ. ರೂಲ್ಸ್ ಉಂಟು, ನಾಚಿಕೆ ಎಂತಕ್ಕೆ?”

ಅಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಹೇಳಲು ಬಿಡಲಿಲ್ಲ.

“ಲೆಟರ್ ಬೇಡ. ಕಾಲೇಜಿಗೆ ಕೊಟ್ರೆ ಊರಿಗೆ ಕೊಟ್ಟ ಹಾಗೆ. ಅಕ್ಕನ ಮದುವೆಯ ಮಾತುಕತೆ ನಡೀತಾ ಉಂಟು, ಗೊತ್ತಿಲ್ವಾ? ತಂಗಿಗೆ ಈ ವಯಸ್ಸಿನಲ್ಲೇ ಗಂಟುನೋವು ಹಿಡಿದಿದೆ ಅಂದ್ರೆ ಯಾವ ಕುಟುಂಬ ಅಂತ ಕೇಳ್ತಾರೆ.”

ನಮ್ಮಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯದು. ಕಾಯಿಲೆಯೂ ಅಲ್ಲಿಂದಲೇ ಬಂತು ಅಂತ ಜನರ ಲೆಕ್ಕ.

“ಮತ್ತೆ ಪರೀಕ್ಷೆ?”

“ಒಳ್ಳೆ ಇಂಕ್ ಪೆನ್ನು ತೆಗೊ ಮಗಾ. ಒತ್ತುದೇ ಬೇಡಂತೆ, ಮೊಬೈಲಿನಲ್ಲಿ ನೋಡಿದೆ.”

ಓಕೆ. ರೋಗಕ್ಕೆ ಪೆನ್ನು.

7 ನವೆಂಬರ್, ಗುರುವಾರ

ಐದನೇ ಕ್ಲಾಸಿನಿಂದ ಹಾಸ್ಟೆಲ್. ಶಾಲೆಯ ಹಾಸ್ಟೆಲಿನಲ್ಲಿ ಡೈರಿಯನ್ನು ವಾರ್ಡನ್ ಓದುತ್ತಿದ್ದರು, ಸ್ಪೆಲಿಂಗ್ ತಿದ್ದುತ್ತಿದ್ದರು. ಇಂಗ್ಲಿಷ್‌ನಲ್ಲಿ ಬರೆದರೆ ಈಗಲೂ ಯಾರೋ ಮಾರ್ಕ್ಸ್ ಹಾಕುತ್ತಾರೆ ಅನಿಸುತ್ತದೆ. ಹಾಗಾಗಿ ಕನ್ನಡ, ತಪ್ಪೋ ಸರಿಯೋ.

ಇವತ್ತು ಪೂರ್ತಿ ಪೆನ್ನಿನ ರಿವ್ಯೂ ಓದಿದೆ. ದಪ್ಪ ಇರಬೇಕು, ಹಗುರ ಇರಬೇಕು. ತಿರುಗಿಸುವ ಕ್ಯಾಪ್ ಬೇಡ, ಎಳೆದರೆ ಬರುವಂಥದ್ದು ಬೇಕು. ನಿಬ್ಬು ತಾನೇ ಜಾರಬೇಕು. ರಿವ್ಯೂ ಬರೆದವರೆಲ್ಲ ಅಪ್ಪನಿಗೆ ಕೊಂಡವರು, ಎಪ್ಪತ್ತೆರಡು ವರ್ಷದ ಮಾವನಿಗೆ ಕೊಂಡವರು. “ಮೈ ಗ್ರ್ಯಾಂಡ್‌ಮದರ್ ಲವ್ಸ್ ಇಟ್”. ಹದಿನೆಂಟು ವರ್ಷದವಳಿಗೆ ಅಂತ ಯಾರೂ ಕೊಂಡಿಲ್ಲ. ಕೊಂಡರೂ ಬರೆಯಲಿಕ್ಕಿಲ್ಲ. ಅವರಿಗೂ ಅಕ್ಕಂದಿರು ಇರಬಹುದು.

9 ನವೆಂಬರ್, ಶನಿವಾರ

ಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನಿಂದ ಮೇಲೆ ಒಂದು ಸ್ಟೇಷನರಿ ಅಂಗಡಿ. ಗಲ್ಲೆಯಲ್ಲಿ ಮೊಯ್ದಿನಬ್ಬ ಅಂತ ಮುದುಕರು. ಕೈ ನೋವಿರುವವರಿಗೆ ಇಂಕ್ ಪೆನ್ನು ಬೇಕು ಅಂದೆ.

“ಯಾರಿಗೆ? ಅಜ್ಜನಿಗಾ?”

“ಹೌದು, ಅಜ್ಜನಿಗೆ.”

ಎಷ್ಟು ಸಲೀಸಾಗಿ ಬಂತು. ನನ್ನ ಅಜ್ಜ ಸತ್ತಾಗ ನಾನು ಹುಟ್ಟಿರಲಿಲ್ಲ.

ಒಂದು ಸ್ಟೀಲಿನದ್ದು ಕೊಟ್ಟರು. ಸಪೂರ, ಜಾರುತ್ತದೆ. ಇನ್ನೊಂದು ದಪ್ಪ, ಆದರೆ ಕ್ಯಾಪ್ ತಿರುಗಿಸುವಷ್ಟರಲ್ಲಿ ನೋವಿಗೆ ಮುಖ ಕಿವುಚಿಕೊಂಡಿತು. ಅವರು ನೋಡಿದರು.

“ಅಜ್ಜನನ್ನೇ ಕರ್ಕೊಂಡು ಬಾ ಮಾರಾಯ್ತಿ. ಪೆನ್ನು ಅಂದ್ರೆ ಚಪ್ಪಲಿ ಹಾಗೆ. ನೀನು ಹಾಕಿ ನೋಡಿದ್ರೆ ಅವರಿಗೆ ಎಂತ ಗೊತ್ತಾಗುದು?”

“ಅವರಿಗೆ ಬಸ್ ಹತ್ತಲಿಕ್ಕೆ ಆಗುದಿಲ್ಲ.”

“ಬರೆಯುದು ಎಂತ ಅವರು?”

“...ಸುಮ್ಮನೆ. ಲೆಟರ್.”

“ಈಗ ಯಾರಿಗೆ ಲೆಟರ್! ಲವ್ ಎಂತಾದ್ರೂ ಉಂಟಾ ಅಜ್ಜನಿಗೆ?” ಅಂತ ಅವರೇ ನಕ್ಕರು. ಸತ್ತ ಅಜ್ಜನ ಮರ್ಯಾದೆಯೂ ಹೋಯಿತು.

ಕೊನೆಗೆ ಕೆಳಗಿನ ಡ್ರಾಯರ್‌ನಿಂದ ಒಂದನ್ನು ತೆಗೆದರು. ಮಕ್ಕಳು ಅಕ್ಷರ ಕಲಿಯುವಾಗ ಹಿಡಿಯುವ ಪೆನ್ನು. ಪ್ಲಾಸ್ಟಿಕ್, ಹಿಡಿಯುವಲ್ಲಿ ಮೂರು ಮೂಲೆ, ಕ್ಲಿಪ್‌ನ ಮೇಲೆ ಒಂದು ಆನೆಮರಿ. ಹಿಡಿದೆ. ಬೆರಳು ತಾವಾಗಿಯೇ ಕೂತವು. ಒತ್ತದೆ ನನ್ನ ಹೆಸರು ಬರೆದೆ, ಪ್ರೀತಿಕಾ. ನೋವಾಗಲಿಲ್ಲ. ಇನ್ನೊಮ್ಮೆ ಬರೆದೆ. ಅಂಗಡಿಯಲ್ಲಿ ಅಳು ಬಂದದ್ದು ಇದೇ ಮೊದಲು.

ಇನ್ನೂರ ನಲವತ್ತು ರೂಪಾಯಿ. ಒಂದೋ ಅಜ್ಜನಿಗೆ, ಇಲ್ಲ ಯುಕೆಜಿಗೆ. ನಡುವಿನವರಿಗೆ ಎಂದು ಯಾರೂ ಎಂತದ್ದೂ ಮಾಡಿಲ್ಲ.

ಇಂಕಿನ ಕಾರ್ಟ್ರಿಜ್ ಒತ್ತಿ ಕೂರಿಸಲು ನನ್ನಿಂದ ಆಗಲಿಲ್ಲ. ರೂಮ್‌ಮೇಟ್ ಆಫ್ರಾ ತೆಗೆದುಕೊಂಡು ಟಕ್ ಅನ್ನಿಸಿದಳು. ಉಪ್ಪಿನಂಗಡಿಯವಳು, ಬಾಯಿ ಜೋರು. ಆದರೆ ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಉತ್ತರ ರೆಡಿ ಇತ್ತು: ತ್ರೋಬಾಲ್.

24 ನವೆಂಬರ್, ಭಾನುವಾರ. ಕಡಬದ ಮನೆ

ಎರಡು ವಾರ ಬರೆಯಲಿಲ್ಲ. ಬರೆಯಲು ಆಗಲಿಲ್ಲ. ಊದಿತ್ತು. ಮೊಬೈಲಿನಲ್ಲಿ ಟೈಪ್ ಮಾಡುವುದೂ ಎಡಗೈಯಲ್ಲಿ.

ಅಕ್ಕನದ್ದು ಫಿಕ್ಸ್ ಆಯಿತು. ಡಿಸೆಂಬರ್ 8ಕ್ಕೆ ನಿಶ್ಚಿತಾರ್ಥ. ಧನು ತಿಂಗಳು ಸುರುವಾಗುವ ಮೊದಲು ಮುಗಿಸಬೇಕಂತೆ. ನನ್ನ ಪರೀಕ್ಷೆ 10ಕ್ಕೆ ಸುರು ಅಂದೆ. “ಭಾನುವಾರ ಯಾರಿಗೆ ಪರೀಕ್ಷೆ?” ಅಂದರು ಅಮ್ಮ.

ಮಂಗಳೂರಿನ ಡಾಕ್ಟರಲ್ಲಿಗೆ ಹೋಗುವುದನ್ನು ಅಮ್ಮ ಎಲ್ಲರಿಗೂ ಹಲ್ಲಿನ ಕ್ಲಿಪ್ಪಿಗೆ ಅಂತ ಹೇಳಿದ್ದಾರೆ. ಅಕ್ಕ ಚಾ ಕುಡಿಯುತ್ತಾ, “ಒಂದು ವರ್ಷ ಆಯ್ತು, ಎಲ್ಲಿ ಕ್ಲಿಪ್ ಅಂತ ಹುಡುಗನ ಮನೆಯವರು ಕೇಳಿದ್ರೆ?” ಅಂದಳು. “ನುಂಗಿದೆ ಅಂತ ಹೇಳ್ತೇನೆ” ಅಂದೆ. ಇಬ್ಬರೂ ನಕ್ಕೆವು. ಮತ್ತೆ ಅಕ್ಕ ನನ್ನ ಕೈ ನೋಡಿ ನಗು ನಿಲ್ಲಿಸಿದಳು. ಅವಳಿಗೂ ಹೆದರಿಕೆ ಇದೆ. ಅದು ನನ್ನ ಕೈಯದ್ದೋ ಅವಳ ಮದುವೆಯದ್ದೋ, ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದು.

ಅಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಪ್ಪ ಆನೆಮರಿಯ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ ಲೆವೆಲ್ ಪೈಪ್ ಇರುತ್ತದಲ್ಲ, ಮೆತ್ತಗಿನದ್ದು, ಅದರ ತುಂಡು ಕತ್ತರಿಸಿ, ಸೀಳಿ, ಹಿಡಿಗೆ ಸುತ್ತಿದರು. ಒಂದು ಸಲ ಸಡಿಲ, ಒಂದು ಸಲ ದಪ್ಪ. ಮೂರನೆಯದ್ದು ಸರಿಯಾಯಿತು.

“ಈಗ?”

“ಈಗ ಫಸ್ಟ್ ಕ್ಲಾಸ್.”

“ಅಮ್ಮ ಹೇಳುದರಲ್ಲಿ ಸಹ ಅರ್ಥ ಉಂಟು ಮಗಾ...” ಅಂತ ಸುರು ಮಾಡಿದರು. ಗಿರಾಕಿ ಬಂದರು, ಅರ್ಧ ಇಂಚಿನ ಪೈಪಿನ ಎಲ್ಬೋ ಬೇಕಂತೆ. ಅಪ್ಪನಿಗೆ ಖುಷಿಯಾಯಿತು.

ಸಂಜೆ ಅಮ್ಮ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ವೆಲ್ವೆಟ್, ವೆಲ್ವೆಟ್ ಮೇಲೆ ಕಪ್ಪು-ಬಂಗಾರದ ಬಣ್ಣದ ಪೆನ್ನು. ಆನ್‌ಲೈನ್. ಬಿಲ್ಲು ತೆಗೆದಿಟ್ಟಿದ್ದಾರೆ, ಆದರೂ ದುಬಾರಿ ಅಂತ ಗೊತ್ತಾಗುತ್ತದೆ. ಹಿತ್ತಾಳೆಯದ್ದಿರಬೇಕು, ಸ್ಪ್ಯಾನರಿನ ಹಾಗೆ ಭಾರ. ಮೂರು ಸಾಲು ಬರೆದೆ, ಕೈ ಕೆಳಗಿಟ್ಟೆ. “ಚಂದ ಉಂಟು” ಅಂದೆ. ನಾನು ಬಾಯಿ ಮುಚ್ಚಿದಷ್ಟೂ ಪೆನ್ನಿನ ರೇಟು ಏರುತ್ತದೆ. ಮದುವೆಯ ಹೊತ್ತಿಗೆ ನಿಬ್ಬಿಗೆ ಚಿನ್ನ ಬರಬಹುದು.

9 ಡಿಸೆಂಬರ್, ಸೋಮವಾರ. ಹಾಸ್ಟೆಲ್

ಸಣ್ಣ ಸಣ್ಣದಾಗಿ ಬರೆಯುತ್ತೇನೆ.

ನಿನ್ನೆ ಹಾಲ್‌ನಲ್ಲಿ ಉಂಗುರ ಎಲ್ಲ ಮುಗಿಯಿತು. ಊಟಕ್ಕೆ ಮೊದಲು ಹುಡುಗನ ಸೋದರತ್ತೆ ಬಳೆಯ ಪೆಟ್ಟಿಗೆ ತೆಗೆದರು. ಹಸಿರು ಗಾಜಿನದ್ದು. ಮನೆಯ ಹೆಣ್ಣುಮಕ್ಕಳಿಗೆಲ್ಲ ಅವರ ಕೈಯಿಂದಲೇ ಹಾಕಬೇಕಂತೆ. “ನಾನು ಹಾಕಿದ್ರೆ ಒಂದು ಸಹ ಒಡೆಯುದಿಲ್ಲ, ಕೇಳಿ ಬೇಕಾದ್ರೆ.” ಅಕ್ಕನಿಗೆ ಹಾಕಿದರು. ಮತ್ತೆ, “ತಂಗಿ ಎಲ್ಲಿ?”

ನನ್ನ ಬಲಗೈ ಹಿಡಿದರು. ಬಳೆ ಹಾಕುವವರು ಹೇಗೆ ಹಿಡಿಯುತ್ತಾರೋ ಹಾಗೆ, ಬೆರಳಿನ ಬುಡಗಳನ್ನೆಲ್ಲ ಒಟ್ಟು ಸೇರಿಸಿ ಹಿಂಡಿ.

“ಎಂತ ಮಗಾ, ಕೈ ಇಷ್ಟು ಗಟ್ಟಿ? ಲೂಸ್ ಬಿಡು.”

“ಕಾಲೇಜಿನಲ್ಲಿ ತ್ರೋಬಾಲ್ ಆಡುದಲ್ವಾ ಅವಳು, ಹಾಗೆ” ಅಂದರು ಅಮ್ಮ. ನಾನು ಆಫ್ರಾಗೆ ರೆಡಿ ಮಾಡಿದ್ದ ಅದೇ ಸುಳ್ಳು, ಕೇಳದೇ ಅಮ್ಮನಿಗೂ ಬಂದಿದೆ. ಸುಳ್ಳು ಮಾತ್ರ ನಮ್ಮ ಕುಟುಂಬದ್ದೇ.

ಅಮ್ಮನನ್ನು ನೋಡಿದೆ. ಅಮ್ಮ ನನ್ನನ್ನು ನೋಡಿದರು. ‘ಬೇಡ’ ಅಂತ ಒಂದು ಮಾತು ಸಾಕಿತ್ತು. “ಸ್ವಲ್ಪ ಸೋಪಿನ ನೀರು ತರ್ಲಾ ಅಕ್ಕಾ?” ಅಂತ ಆ ಅತ್ತೆಯನ್ನು ಕೇಳಿದರು.

ಆರು ಬಳೆ. ಒಂದೂ ಒಡೆಯಲಿಲ್ಲ. ಫೋಟೋದಲ್ಲಿ ನಗುತ್ತಿದ್ದೇನೆ. ಅಕ್ಕ ಸ್ಟೇಟಸ್ ಹಾಕಿದ್ದಾಳೆ.

ಸಂಜೆ ಕೈ ಊದಿತು, ಬಳೆ ಹೊರಗೆ ಬರಲಿಲ್ಲ. ಅಪ್ಪ ಕಟಿಂಗ್ ಪ್ಲೇಯರ್ ತಂದರು. ಇಂಥ ದಿನ ಬಳೆ ಒಡೆಯಬಾರದು ಅಂದರು ಅಮ್ಮ. ಅಪ್ಪ ಪ್ಲೇಯರನ್ನು ಒರೆಸಿ ವಾಪಸ್ ಇಟ್ಟರು. ಕ್ಲೀನೇ ಇತ್ತು ಅದು.

ಇವತ್ತು ಬಸ್ಸಿನಲ್ಲಿ ಹಾಗೆಯೇ ಬಂದೆ. ಆಫ್ರಾ ಟವೆಲ್ ಸುತ್ತಿ ಒಂದೊಂದನ್ನೇ ಒಡೆದಳು. ಒಡೆಯುತ್ತಾ ಬೈಯುತ್ತಿದ್ದಳು, ಯಾರಿಗೆ ಅಂತ ಗೊತ್ತಾಗಲಿಲ್ಲ. ತ್ರೋಬಾಲ್ ಅಂದೆ. “ಇದು ತ್ರೋಬಾಲ್ ಅಲ್ಲ ಆಯ್ತಾ. ನೀನು ಬಾಲ್ ಕಂಡ್ರೆ ಓಡುವವಳು.” ನಿಜ ಹೇಳಿದೆ. ಅಪ್ಪ-ಅಮ್ಮ-ಅಕ್ಕ-ಡಾಕ್ಟರ್ ಬಿಟ್ಟರೆ ಇವಳೊಬ್ಬಳಿಗೆ.

10 ಡಿಸೆಂಬರ್, ಮಂಗಳವಾರ

ಹಿಸ್ಟರಿ. ಮೂರು ಗಂಟೆಯ ಪೇಪರ್. ಒಂದು ಗಂಟೆ ಬರೆದೆ. ಪೆನ್ನಿನದ್ದೇನೂ ತಪ್ಪಿಲ್ಲ. ಅದು ಜಾರುತ್ತಲೇ ಇತ್ತು, ಹಿಡಿಯಲು ಬೆರಳು ಇರಲಿಲ್ಲ. ಎರಡು ಸಲ ಕೆಳಗೆ ಬಿತ್ತು. ಸತ್ಯವತಿ ಮೇಡಂ ಹೆಕ್ಕಿ ಕೊಟ್ಟರು. ಎರಡನೇ ಸಲ ಕೊಡುವಾಗ ಕೈ ನೋಡಿ ಅಲ್ಲೇ ನಿಂತರು. ಉಳಿದ ಹೊತ್ತು ಸುಮ್ಮನೆ ಕೂತಿದ್ದೆ. ಉತ್ತರ ಪೂರ್ತಿ ತಲೆಯಲ್ಲಿ, ಪ್ಯಾರಾ ಸಮೇತ.

ಹೊರಗೆ ಬಂದಾಗ ಅಂದರು, “ಗುರುವಾರದ ಪೇಪರಿಗೆ ಬರೆಯುವವರನ್ನು ಕೊಡಿಸ್ತೇನೆ. ನಾಳೆ ನಾಲ್ಕು ಗಂಟೆಯ ಒಳಗೆ ಲೆಟರ್ ತಾ. ಅದಿಲ್ಲದಿದ್ರೆ ನನ್ನ ಕೈಯಲ್ಲಿ ಎಂತದ್ದೂ ಇಲ್ಲ.”

ಅಪ್ಪನಿಗೆ ಫೋನ್ ಮಾಡಿದೆ. ಡಾಕ್ಟರ ಫೈಲ್ ಅಮ್ಮನ ಕಪಾಟಿನಲ್ಲಿದೆ. ತರುತ್ತೇನೆ ಅಂದರು. ತರುತ್ತೇನೆ ಅಂತಲೇ ಅಂದರು.

11 ಡಿಸೆಂಬರ್, ಬುಧವಾರ. 11.30

ಅಪ್ಪ ಬಂದು ಹೋದರು. ಗೇಟಿನ ಹತ್ತಿರ. ಕೈಯಲ್ಲಿ ಕವರ್. ಒಳಗೆ ಮೂರು ಪೆನ್ನು. ಆನೆಮರಿಯದ್ದೇ, ಮೂರಕ್ಕೂ ಬೇರೆ ಬೇರೆ ದಪ್ಪದ ಪೈಪ್.

“ಫೈಲ್?”

“ಅಮ್ಮನ ಹತ್ರ ಕೇಳ್ಲಿಕ್ಕೆ ಧೈರ್ಯ ಬರಲಿಲ್ಲ ಮಗಾ. ಇದರಲ್ಲಿ ಒಂದಾದ್ರೂ ಸರಿ ಆಗ್ತದೆ, ನೋಡು.”

ಬೈಯಲೂ ಆಗಲಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಕೈ

ಅದೇ ದಿನ. ಸಂಜೆ 5

ಇದು ಆಫ್ರಾ ಬರೆಯುತ್ತಿರುವುದು. ಹೇಳುತ್ತಿರುವುದು ನಾನು. ಅಕ್ಷರ ಅವಳದ್ದು, ಚಂದ ಇದೆ. (ಇದನ್ನು ಅವಳೇ ಸೇರಿಸಿದ್ದು.)

ಫೈಲ್ ಇಲ್ಲ ಅಂತ ಅಳುತ್ತಿದ್ದಾಗ ಅವಳು, “ಫೈಲ್ ಇಲ್ಲದಿದ್ರೆ ಎಂತ, ಕೈ ಉಂಟಲ್ವಾ? ಡಾಕ್ಟರಿಗೆ ಅದನ್ನೇ ತೋರಿಸುದು” ಅಂದಳು. ವಿಟಮಿನ್ ಡಬ್ಬಿ ಹಿಡಿದು ಪೇಟೆಯ ಕ್ಲಿನಿಕ್ಕಿಗೆ ಹೋದೆವು. ಒಂದು ವರ್ಷ ಮಂಗಳೂರಿಗೆ ಓಡಿದ್ದು ಇಲ್ಲಿ ಯಾರೂ ನೋಡಬಾರದು ಅಂತ. ಬೆಂಚಿನಲ್ಲಿ ಮೊದಲು ಕಂಡದ್ದೇ ಕುಂಬ್ರದ ಸೀತು ದೊಡ್ಡಮ್ಮ. ಅಮ್ಮನ ಕಸಿನ್. ಬಿಪಿ ನೋಡಿಸಲು ಬಂದದ್ದು.

“ಎಂತ ಮಗಾ, ಇಲ್ಲಿ?”

ಹಲ್ಲು ಅನ್ನಬಹುದಿತ್ತು. ತ್ರೋಬಾಲ್ ಅನ್ನಬಹುದಿತ್ತು.

“ಗಂಟಿನ ಕಾಯಿಲೆ ದೊಡ್ಡಮ್ಮ. ಒಂದು ವರ್ಷ ಆಯ್ತು.”

“ಅಯ್ಯೋ ದೇವರೇ” ಅಂದರು. ಬ್ಯಾಗಿನಿಂದ ಫೋನ್ ತೆಗೆದರು.

ಡಾಕ್ಟರ್ ಕೈ ನೋಡಿದರು, ಮಾತ್ರೆ ನೋಡಿದರು, ಮಂಗಳೂರಿಗೆ ಫೋನ್ ಮಾಡಿ ಕೇಳಿದರು, ಲೆಟರ್ ಬರೆದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಆಫೀಸಿಗೆ ಕೊಟ್ಟೆ. ನಾಳೆ ನಾನು ಹೇಳುವುದು, ಪಿಯುಸಿ ಹುಡುಗಿಯೊಬ್ಬಳು ಬರೆಯುವುದು. ಅಷ್ಟೇ. ಇಷ್ಟೇ ಇದ್ದದ್ದು.

ಅಮ್ಮನ ಏಳು ಮಿಸ್ಡ್ ಕಾಲ್.

ಆಫ್ರಾ ನಿಲ್ಲಿಸಿ ಕೇಳುತ್ತಿದ್ದಾಳೆ, “ಇದೆಲ್ಲ ಬರಿಬೇಕಾ? ನಿನ್ನ ಅಮ್ಮ ಅಲ್ವಾ?” ಆ ಪ್ರಶ್ನೆಯನ್ನೂ ಬರಿ ಅಂದೆ. ಮತ್ತೆ ರಿಂಗ್ ಆಗುತ್ತಿದೆ. ಸ್ಪೀಕರಿಗೆ ಹಾಕು, ಅಮ್ಮ ಹೇಳುವುದನ್ನೂ ಬರಿ ಅಂದೆ. ಹಾಕಿದಳು.

“ಸೀತಕ್ಕ ಫೋನ್ ಮಾಡಿದ್ರು. ನೀನೇ ಹೇಳಿದ್ದಂತೆ, ಹೌದಾ? ಬಾಯಿ ಇಲ್ವಾ ಈಗ? ಮಗಾ... ನಿನ್ನ ಕೈ... ನಿನ್ನ ಕೈ ಅಲ್ಲಿ ಬೇರೆ ಯಾರು ಯಾರು ನೋಡಿದ್ರು? ಹುಡುಗನ ಕಡೆಯವರು ಯಾರಾದ್ರೂ...” (ಇದರ ಮುಂದೆ ನಾನು ಬರೆಯಲಿಲ್ಲ. ಆಫ್ರಾ.)