ಸ್ಕ್ರೀನಿನ ತುಂಬ ಮೀನು

ನಾವುಂದ
ಸೆಪ್ಟೆಂಬರ್ 17, ಬುಧವಾರ

ಪ್ರೀತಿಯ ಅಪ್ಪಯ್ಯಾ,

ಹೇಗಿದ್ದೀರಿ? ಎಡಗಾಲಿನ ಮಂಡಿನೋವು ಕಡಿಮೆಯಾಯಿತೇ? ಬಿ.ಪಿ. ಮಾತ್ರೆ ನುಂಗುತ್ತಿದ್ದೀರೋ, ಇಲ್ಲಿ ಮಾಡುತ್ತಿದ್ದಂತೆ ಅಂಗಿಯ ಜೇಬಿನಲ್ಲಿಟ್ಟು ಒಗೆಯಲು ಹಾಕುತ್ತಿದ್ದೀರೋ? ರತ್ನಾಗಿರಿಯಲ್ಲಿ ನಮ್ಮ ಕುಚ್ಚಲಕ್ಕಿ ಸಿಗುವುದಿಲ್ಲವೆಂದು ಅಮ್ಮ ದಿನಕ್ಕೆರಡು ಸಲ ಕೊರಗುತ್ತಾಳೆ. ಹಾಗಾಗಿ ಅಶೋಕಣ್ಣನ ಮೀನಿನ ಲಾರಿಯಲ್ಲಿ ಒಂದು ಮೂಟೆ ಅಕ್ಕಿ ಬರುತ್ತಿದೆ, ಅದರ ಜೊತೆಗೇ ಈ ಕಾಗದವೂ ಇದೆ. ಫೋನಿನಲ್ಲಿ ಹೇಳೋಣವೆಂದರೆ, ನಾನು ಕಾಲೇಜು ಎನ್ನುವುದರೊಳಗೆ ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀರಿ. ಬಂದರಿನ ಕಟ್ಟೆಯ ಮೇಲೆ ಕೂತವರಿಗೆ ಸಿಗ್ನಲ್ ಎಲ್ಲಿಗೆ ಓಡಿಹೋಗುತ್ತದೆ ಅಪ್ಪಯ್ಯಾ? ಬಿ.ಇ. ಓದಿದ ಮಗಳ ಹತ್ತಿರ ಈ ಸುಳ್ಳು ನಡೆಯುವುದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲವಲ್ಲ, ಕೂತು ಪೂರ್ತಿ ಓದಿ.

ವಿಷಯ ನಿಮಗೆ ಗೊತ್ತಿರುವುದೇ. ಎಲೆಕ್ಟ್ರಿಕಲ್ ಆ್ಯಂಡ್ ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದಲು ನನಗೆ ಸೀಟು ಸಿಕ್ಕಿದೆ. ನಾಡಿದ್ದು ಶುಕ್ರವಾರ ಸೇರಲು ಕಡೆಯ ದಿನ. ಅಂದು ಹೋಗದಿದ್ದರೆ ಸೀಟು ಇನ್ನೊಬ್ಬರ ಪಾಲು. ನೀವು ಊರು ಬಿಡುವ ದಿನ ಚಪ್ಪಲಿ ಮೆಟ್ಟುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಇನ್ ಓದೂದ್ ಬ್ಯಾಡ. ನೀ ಬೋಟ್ ಹತ್ತಿದ್ದಕ್ಕೆ ನಾ ಊರ್ ಬಿಡೂಕಾಯ್ತ್.” ಅವತ್ತು ಅಮ್ಮ ಅಳುತ್ತಿದ್ದಳೆಂದು ನಾನು ಸುಮ್ಮನಿದ್ದೆ. ಒಪ್ಪಿಕೊಂಡು ಸುಮ್ಮನಿದ್ದದ್ದಲ್ಲ. ಅವತ್ತಿನ ಉತ್ತರವನ್ನು ಇವತ್ತು ಬರೆಯುತ್ತಿದ್ದೇನೆ.

ನಾನು ಬೋಟು ಹತ್ತಿದ್ದು ಕದ್ದು ಮುಚ್ಚಿ ಅಲ್ಲ. ಜುಲೈಯಲ್ಲಿ ಮೀನುಗಾರಿಕೆಗೆ ರಜೆಯಿದ್ದಾಗ, ಪ್ರೇಮಾನಂದ ಮಾವನ ಬೋಟನ್ನು ಗಂಗೊಳ್ಳಿಯಲ್ಲಿ ದಡಕ್ಕೆ ಎಳೆದಿಟ್ಟಿದ್ದಾಗ, ಎಂ.ಟೆಕ್. ಸಂದರ್ಶನಕ್ಕೆ ಬೇಕೆಂದು ಫಿಶ್ ಫೈಂಡರಿನ ವಯರಿಂಗ್ ನೋಡಲು ಹತ್ತಿದೆ. ಏಣಿ ಹಿಡಿದು ನಿಂತವರು ನೀವೇ. ನೀರಿನ ಆಳಕ್ಕೆ ಶಬ್ದ ಕಳಿಸಿ, ಅದು ಮೀನಿನ ಗುಂಪಿಗೆ ತಾಗಿ ಹಿಂದೆ ಬರುವುದನ್ನು ಸ್ಕ್ರೀನಿನಲ್ಲಿ ತೋರಿಸುತ್ತದೆ ಎಂದು ನಾನು ವಿವರಿಸಿದಾಗ, ಇಪ್ಪತ್ತಾರು ವರ್ಷ ತಾಂಡೇಲನಾಗಿ ಬೋಟು ನಡೆಸಿದ ನೀವು ಮಗುವಿನಂತೆ ಬಾಯಿ ಬಿಟ್ಟು ಕೇಳಿದಿರಿ. ಆಗಸ್ಟಿನಲ್ಲಿ ಬೋಟು ನೀರಿಗಿಳಿಯಿತು. ಮೊದಲ ಮೂರು ಸಲ ಸ್ಕ್ರೀನಿನ ತುಂಬ ಮೀನು, ಬಲೆಯ ತುಂಬ ಬರೀ ಕಸ. ದಡದಲ್ಲಿ, ಬೋಟಿನ ಮೂವತ್ತು ಜನರ ಎದುರು, ಬಲೆ ಎಳೆಯುವ ಕಿಟ್ಟ ಕೂಗಿದ, “ಹೆಣ್ಣ್ ಹತ್ತಿದ್ ಬೋಟ್, ಇನ್ನೆಂತ ಆತ್ತ್?” ನನಗೆ ಕಿಟ್ಟನ ಮೇಲೆ ಸಿಟ್ಟಿಲ್ಲ, ಅವನು ಮಳೆ ಬಂದರೂ ಯಾರನ್ನಾದರೂ ಬೈಯುವವನು. ನೀವು ಸುಮ್ಮನೆ ತಲೆ ತಗ್ಗಿಸಿ ನಿಂತಿರಲ್ಲ, ಅದು ನನ್ನನ್ನು ಸುಟ್ಟಿತು. ಏಣಿ ಹಿಡಿದವನು ನಾನು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮಾರನೆಯ ವಾರ ರತ್ನಾಗಿರಿಯ ಬೋಟಿಗೆ ಹೊರಟುಬಿಟ್ಟಿರಿ, ನನ್ನ ಓದಿಗೆ ಬೀಗ ಹಾಕಿ.

ಹೋದ ಗುರುವಾರ ನಾನು ಗಂಗೊಳ್ಳಿಗೆ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೀನು ಏಲಂ ಆಗುವಾಗ, ಇಡೀ ಬಂದರು ನೋಡುವ ಹೊತ್ತಿಗೆ. ಮಾವನ ಎದುರು ನಿಂತು, ಫಿಶ್ ಫೈಂಡರಿನ ಪೆಟ್ಟಿಗೆ ಬಿಚ್ಚಿ ನೋಡುತ್ತೇನೆ, ತಪ್ಪು ನನ್ನದಾಗಿದ್ದರೆ ಓದನ್ನು ಇಲ್ಲಿಗೇ ಬಿಡುತ್ತೇನೆ ಎಂದೆ. ನೀವು ಹೋದ ಮೇಲೆ ತಾವೇ ಬೋಟು ನಡೆಸಿ ಸುಸ್ತಾಗಿದ್ದ ಮಾವ ಬೇಡ ಎನ್ನಲಿಲ್ಲ. ಚಪ್ಪಲಿ ದಡದಲ್ಲಿ ಬಿಟ್ಟು ಹತ್ತಿದೆ. ಕಿಟ್ಟ ಎಂತೆಂತದೋ ಗೊಣಗಿದ. ಪೆಟ್ಟಿಗೆಯ ಹಿಂದೆ, ಬೋಟಿನ ತಳದಿಂದ ಬರುವ ಕೇಬಲ್ ಸೇರುವ ಕಡೆ ಬಿಚ್ಚಿದರೆ ಏನಿತ್ತು ಗೊತ್ತೇ? ಪಿನ್ನುಗಳ ಸುತ್ತ ಹಸಿರು ಕಿಲುಬು. ಅದರ ಮೇಲೆ ಅರಿಶಿನ, ಕುಂಕುಮ, ಒಣಗಿದ ತೆಂಗಿನಕಾಯಿ ನೀರಿನ ಅಂಟು. ಬೋಟು ಇಳಿಸುವ ಪೂಜೆಯ ದಿನ ಎಂಜಿನ್ನಿಗೆ, ಸ್ಟಿಯರಿಂಗಿಗೆ, ಬಲೆಗೆ ಹೊಯ್ದಂತೆ ಫಿಶ್ ಫೈಂಡರಿಗೂ ಕಾಯಿನೀರು ಹೊಯ್ದಿದ್ದಾರೆ. ಆ ತೇವ ಎಬ್ಬಿಸಿದ ಸುಳ್ಳು ಸಿಗ್ನಲ್‌ಗಳ ಗದ್ದಲವನ್ನೇ ಯಂತ್ರ ಮೀನೆಂದು ತೋರಿಸಿದೆ. ಹೊಯ್ದವರು ಯಾರೆಂದು ನಿಮಗೆ ಗೊತ್ತು. ನಾನೂ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದೆ.

ಕಿಲುಬು ತೆಗೆದು, ಒಣಗಿಸಿ, ಹೊಸ ಕನೆಕ್ಟರ್ ಹಾಕಿಸಿದೆ. ಶನಿವಾರ ಬೋಟು ಹೋಯಿತು. ಸ್ಕ್ರೀನು ಗಂಟೆಗಟ್ಟಲೆ ಖಾಲಿ ತೋರಿಸಿದಾಗ ಇದೂ ಹಾಳಾಯಿತೆಂದು ಎಲ್ಲರೂ ನನ್ನನ್ನು ಬೈದರಂತೆ. ಆಮೇಲೆ ಒಂದು ಕಡೆ ಒತ್ತಾಗಿ ಕಂಡಿತು, ಬಲೆ ಬಿಟ್ಟರು, ಎಳೆಯಲು ಜನ ಸಾಲಲಿಲ್ಲ. ಅಷ್ಟೂ ಬಂಗುಡೆ! ಮಾವ ಮನೆಗೆ ಒಂದು ಬುಟ್ಟಿ ಮೀನು ಕಳಿಸಿದರು. ಅಮ್ಮ ನಿಮ್ಮನ್ನು ನೆನೆದು ಖಾರ ಹೆಚ್ಚು ಹಾಕಿ ಸಾರು ಮಾಡಿದಳು. ಸೋಮವಾರ ಕಿಟ್ಟ ಅಂಗಡಿಯ ಹತ್ತಿರ ಸಿಕ್ಕಿ, “ಹ್ವಾಯ್, ನನ್ ಭಾವನ ಬೋಟಿಗೂ ಒಂದ್ ಸಲ ಬಪ್ಯಾ?” ಎಂದ. ಮೊದಲು ನಾಲ್ಕು ಜನರೆದುರು ನಿನ್ನ ಮಾತು ಹಿಂದೆ ತಗೋ, ಆಮೇಲೆ ಬತ್ತೆ ಎಂದೆ. ಅಲ್ಲೇ ಅಂಗಡಿಯವರ ಎದುರೇ ತಗೊಂಡ.

ಪೂಜೆ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನೀವು ಮೂವತ್ತು ಜನರ ಜೀವ ಕಾಯಲೆಂದು ಹೊಯ್ದಿರಿ. ಆದರೆ ಬಲೆಗೆ ಮೀನು ಬೀಳದ್ದಕ್ಕೆ ನಿಜವಾದ ಕಾರಣ ಹುಡುಕುವ ಮೊದಲೇ ನನ್ನ ಹೆಣ್ಣುಜನ್ಮವನ್ನು ದೂರಿದಿರಲ್ಲ, ಅದು ತಪ್ಪು. ಅದನ್ನು ಅಪ್ಪಯ್ಯನೆಂದು ಬಿಡುವುದಿಲ್ಲ. ಯಂತ್ರ ನಿಜವಾದ ಮೀನನ್ನೂ ಬರೀ ಗದ್ದಲವನ್ನೂ ತಾನೇ ಬೇರೆ ಮಾಡುವಂತೆ ಕಲಿಸುವುದು ಹೇಗೆ ಎಂಬುದನ್ನೇ ನಾನು ಎರಡು ವರ್ಷ ಓದಲಿದ್ದೇನೆ. ಇನ್ನು ಯಾವ ತಾಂಡೇಲನೂ ಖಾಲಿ ಬಲೆಯ ಎದುರು ತಲೆ ತಗ್ಗಿಸಿ ನಿಲ್ಲಬಾರದು. ನಿಮ್ಮ ಒಪ್ಪಿಗೆ ಇದ್ದರೆ ಸಂತೋಷದಿಂದ ಹೋಗುತ್ತೇನೆ. ಇಲ್ಲದಿದ್ದರೆ ದುಃಖದಿಂದ ಹೋಗುತ್ತೇನೆ. ಹೋಗುವುದಂತೂ ಹೋಗುತ್ತೇನೆ.

ಮಾತ್ರೆ ಮರೆಯಬೇಡಿ. ಬಿರುಗಾಳಿಯ ಸುದ್ದಿ ಇದ್ದರೆ ಯಾರೆಷ್ಟು ಹೇಳಿದರೂ ಹೊರಡಬೇಡಿ. ಇಷ್ಟೆಲ್ಲ ಬೈದರೂ ನಿಮ್ಮ ಕಾಲಿಗೆ ಬಿದ್ದೇ ಈ ಕಾಗದ ಮುಗಿಸುತ್ತಿದ್ದೇನೆ. ಅಮ್ಮ ಅಕ್ಕಿಯ ಜೊತೆ ಉಪ್ಪಿನಕಾಯಿಯ ಭರಣಿಯನ್ನೂ ಇಟ್ಟಿದ್ದಾಳೆ, ಮೂಟೆಯನ್ನು ಎತ್ತಿ ಕುಕ್ಕಬೇಡಿ.

ನಿಮ್ಮ ಮಗಳು,
ಮೋಕ್ಷಿತಾ

ಮರೆತೆ: ಅಶೋಕಣ್ಣ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಾಲೇಜು ಸೇರುವ ಅರ್ಜಿಯಲ್ಲಿ ಪೋಷಕರ ಸಹಿ ಬೇಕಿತ್ತು. ನಿನ್ನೆ ಮೀನು ಮಾರಿ ಬಂದ ಅಮ್ಮ ಕೈ ತೊಳೆದು, “ಕೊಡ್ ಇತ್ಲಾಗ್” ಎಂದು ಕಾಗದ ಎಳೆದುಕೊಂಡು ಸುಗುಣ ಎಂದು ಬರೆದಳು. ಇನ್ನೊಂದು. ಓದಿನ ಪ್ರಾಜೆಕ್ಟಿಗೆ ನಾನು ಕಡಲಿಗೇ ಹೋಗಿ ಅಳತೆ ತೆಗೆಯಬೇಕು. ಡಿಸೆಂಬರಿನಲ್ಲಿ ಮಾವನ ಬೋಟಿನಲ್ಲಿ ಹೋಗುವುದೆಂದು ನಿಶ್ಚಯವಾಗಿದೆ. ನೀವು ಬಿಟ್ಟುಹೋದ ತಾಂಡೇಲನ ಜಾಗಕ್ಕೆ ಮಾವ ಇನ್ನೂ ಯಾರನ್ನೂ ತಂದಿಲ್ಲ. ನಾನು ಕಡಲಿಗೆ ಹೋಗುವುದು ಖಂಡಿತ ಅಪ್ಪಯ್ಯಾ. ಬೋಟು ನಡೆಸುವವರು ನೀವೋ ಬೇರೆಯವರೋ, ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದು ಅಷ್ಟೇ.